ಅತ್ತೆಗೊಂದು ಎಲೆ

ಒಳಗೆ ಲೋಟ ನೆಲಕ್ಕೆ ತಾಗಿದ ಸದ್ದು, ತಾಗಿದ್ದಲ್ಲ, ಇಟ್ಟದ್ದು, ಯಾರೋ ಕುಡಿದು ಮೆಲ್ಲಗೆ ಕೆಳಗಿಟ್ಟ ಹಾಗೆ — ಮಾಲತಿ ಉಸಿರು ಬಿಗಿ ಹಿಡಿದಳು, ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟಳು, ಇನ್ನೊಮ್ಮೆ ಬರಲಿ, ಒಂದೇ ಒಂದು ಸಲ, ಇಲ್ಲ, ಈಗ ಏನೂ ಇಲ್ಲ, ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತಣಿಯುತ್ತ ಟಿಕ್ ಎಂದದ್ದು ಬಿಟ್ಟರೆ ಮನೆಯೊಳಗೆ ಸದ್ದೇ ಇಲ್ಲ, ಹೊರಗೆ ದೂರದಲ್ಲಿ ಕಕ್ಕಬೆಯ ಭಜನಾಮಂದಿರದ ಮೈಕು, ಹರಿ ಹರಿ ಎಂದು ಗುಡ್ಡಕ್ಕೆ ಬಡಿದು ಬರುವ ಅದೇ ರಾಗ, ಅಲ್ಲಿ ಅವಳ ಗಂಡ ಉದಯ ತಾಳ ಹಿಡಿದು ಕೂತಿದ್ದಾನೆ, ಇಲ್ಲಿ ಅವಳು ಅವನ ಸತ್ತ ತಾಯಿಗೆ ಎಲೆ ಬಡಿಸಿ ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತಿದ್ದಾಳೆ, ಒಂದೇ ಒಲೆಯ ಇಬ್ಬರು, ಚಂದದ ಸಂಸಾರ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಪ್ರತಿ ವರ್ಷ ತುಲಾ ಸಂಕ್ರಮಣ ಕಳೆದ ಮೇಲೆ ಒಂದು ದಿನ ಈ ಬಾಗಿಲ ಹೊರಗೆ ನಿಂತಿದ್ದಾಳೆ, ಒಳಗೆ ನೈಋತ್ಯದ ಕನ್ನಿಮೂಲೆಯ ಕೋಣೆಯಲ್ಲಿ ಬಾಳೆ ಎಲೆ, ಎಲೆಯ ಮೇಲೆ ಅನ್ನ, ಕಡುಬು, ಕೋಳಿ, ಕಾಚಂಪುಳಿಯ ಹುಳಿ ಹಾಕಿ ಕರ್ರಗೆ ಬತ್ತಿಸಿದ ಹಂದಿ ಮಾಂಸ, ಪಕ್ಕದಲ್ಲಿ ಲೋಟದಲ್ಲಿ ಬ್ರಾಂದಿ, ದೀಪ, ಗುರುಕಾರಣರು ಅಂದರೆ ಮನೆಯಲ್ಲಿ ಬಾಳಿ ಸತ್ತ ಹಿರಿಯರು ಬಂದು ಉಣ್ಣುವ ಹೊತ್ತು, ಹೊಸ್ತಿಲಿಗೆ ಸಿಕ್ಕಿಸಿದ ಊದುಬತ್ತಿ ಉರಿದು ಮುಗಿಯುವ ತನಕ ಯಾರೂ ಬಾಗಿಲು ಮುಟ್ಟುವಂತಿಲ್ಲ, ಉಣ್ಣುವವರನ್ನು ಎಬ್ಬಿಸಿದರೆ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ, ಮತ್ತೆ ಆ ಮನೆಯ ಕಡೆ ತಿರುಗಿ ನೋಡುವುದಿಲ್ಲ. ಅತ್ತೆ ಹೇಳುತ್ತಿದ್ದರು, ಕಿವಿ ಕೊಟ್ಟ್ ನಿಲ್ಲ್ ಗೂಡೆ, ಅವು ಉಂಬ ಸದ್ದು ಕೇಳಿಕೆ ಪುಣ್ಯ ಬೇಕು. ಇಷ್ಟು ವರ್ಷ ಮಾಲತಿಗೆ ಕೇಳಿದ್ದು ಬರೀ ತನ್ನ ಹೊಟ್ಟೆಯ ಗುರುಗುರು. ಇವತ್ತು ಕೇಳಿತು, ಅತ್ತೆ ತಾನೇ ಸತ್ತವರ ಸಾಲಿಗೆ ಸೇರಿ ಮೊದಲ ಸಲ ಎಲೆಯ ಮುಂದೆ ಕೂತ ಇವತ್ತು, ಲೋಟ ಎತ್ತಿ ಇಟ್ಟ ಸದ್ದು ಕೇಳಿತು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು, ಊದುಬತ್ತಿ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಅತ್ತೆ ಪೂವಮ್ಮ ಅಂದರೆ ಊರಿಗೆಲ್ಲ ಬಾಯಿ ಜೋರಿನ ಹೆಂಗಸು, ಸೊಸೆಗೆ ಮಾತ್ರ ತಾಯಿಗಿಂತ ಹೆಚ್ಚು, ದಿನಾ ಸಂಜೆ ಕೈಕಾಲು ತೊಳೆದು ದೀಪ ಹಚ್ಚಿ ಆಮೇಲೆ ಒಂದು ಗಿಡ್ಡ ಲೋಟದಲ್ಲಿ ಒಂದೇ ಗುಟುಕು ಬ್ರಾಂದಿ, ಅದಕ್ಕೆ ನೀರು ಬೆರೆಸಿದರೆ ಸಿಟ್ಟು, ದೇವರಿಗೂ ಬೇಕು ನಮಗೂ ಬೇಕು ಎಂದು ಎರಡು ಹನಿ ನೆಲಕ್ಕೆ ಚಿಮುಕಿಸಿ ಉಳಿದದ್ದು ಬಾಯಿಗೆ, ಅಷ್ಟೆ, ಎರಡನೆಯದನ್ನು ಆ ಹೆಂಗಸು ಕೇಳಿದ್ದನ್ನು ಮಾಲತಿ ನೋಡಿಲ್ಲ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲುವುದು ಆಕೆಗೆ ಗೊತ್ತಿತ್ತು, ಆಕೆ ಹೆತ್ತ ಮಗನಿಗೆ ಗೊತ್ತಿರಲಿಲ್ಲ. ಈ ಕೋಣೆಯಲ್ಲೇ ಮಲಗಿದ್ದರು ಕೊನೆಯ ದಿನಗಳಲ್ಲಿ, ಹಿತ್ತಿಲ ಕಡೆಯ ಗಿಡ್ಡ ಬಾಗಿಲಿನಿಂದ ಬಚ್ಚಲಿಗೆ ಹೋಗಿ ಬರಲು ಸುಲಭ ಎಂದು, ಮಾಲತಿ ಹೆಗಲು ಕೊಟ್ಟು ಕರೆದುಕೊಂಡು ಹೋಗುತ್ತಿದ್ದಳು, ಮೈ ಒಣ ಸೌದೆಯಷ್ಟು ಹಗುರ. ಕೊನೆಯ ಮಧ್ಯಾಹ್ನ ಕಣ್ಣು ಬಿಟ್ಟು ಮಗನ ಕೈ ಹಿಡಿದರು, ಒಂದ್ ತೊಟ್ಟು ಕೊಡ್ ಮಗ, ಗಂಟ್ಲು ಒಣ್ಗುಟು, ಉದಯ ತುಳಸಿ ನೀರು ತಂದ, ಅದಲ್ಲ, ನಂಗೆ ಬೇಕಾದ್ದ್ ಕೊಡ್, ಅವನ ಮುಖ ಕಿವುಚಿ ಹೋಯಿತು, ಚಿಕ್ಕ ಮಕ್ಕಳ ಹಾಗೆ ಅಳುತ್ತಿದ್ದ, ಬೇಡ ಅವ್ವ, ಹರಿ ಹರಿ ಹೇಳ್, ಕೊನೆಗಾಲಕೆ ಅದೊಂದ್ ಬೇಡ. ಚಮಚೆಯಲ್ಲಿ ತುಳಸಿ ನೀರು ಬಾಯಿಗೆ ಬಿಟ್ಟ, ಬಗ್ಗಿದಾಗ ಅವನ ಕೊರಳಿನ ತುಳಸಿಮಾಲೆ ತಾಯಿಯ ಗಲ್ಲಕ್ಕೆ ತಾಗಿತು, ಆಕೆ ನೀರನ್ನು ಉಗುಳಲಿಲ್ಲ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು, ಅಷ್ಟೆ, ಹಾಗೆ ತಿರುಗಿದ್ದು ಮತ್ತೆ ಈ ಕಡೆ ಬರಲಿಲ್ಲ. ಮಾಲತಿ ಕಾಲ ಹತ್ತಿರ ನಿಂತಿದ್ದಳು. ಅಡಿಗೆಮನೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ, ಅತ್ತೆಯ ಬಾಟಲಿ ಇತ್ತು, ತರಬಹುದಾಗಿತ್ತು, ಹತ್ತು ಹೆಜ್ಜೆಯೂ ಇರಲಿಲ್ಲ, ತರಲಿಲ್ಲ, ಏಕೆಂದರೆ ಮುಚ್ಚಳ ತೆಗೆದರೆ ವಾಸನೆ ಅವನ ಮೂಗಿಗೆ ಹೋಗುತ್ತದೆ. ಆ ಹೊತ್ತಿಗೆ ಅವಳು ಗಂಡನನ್ನು ಉಳಿಸಿಕೊಂಡಳು, ಅತ್ತೆಯನ್ನು ಬಾಯಾರಿಸಿ ಕಳಿಸಿದಳು. ಹೆಣಕ್ಕೆ ಸ್ನಾನ ಮಾಡಿಸುವಾಗ ಕಿವಿಯಲ್ಲಿ ಹೇಳಿದ್ದಳು, ಅತ್ತೆ, ವರ್ಷ ತಿರುಗಲಿ, ನಿಮ್ಮ ಎಲೆಯ ಹತ್ತಿರ ಲೋಟ ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಕುಡಿಯುವ ಕಾಲದ ಉದಯನನ್ನು ನೋಡಿದವರಿಗೆ ಈಗಿನ ಉದಯ ಗುರುತು ಸಿಗುವುದಿಲ್ಲ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಹಗಲು ಕಾಫಿ ಕೊಯ್ಯುವ ಪಿಕ್ಕಿಂಗಿನವರ ಮೇಲೆ ಹಾರಾಟ, ಸಂಜೆಯಾದರೆ ಕೂಲಿಯವರ ಲೈನುಮನೆಗಳ ಹಿಂದಿನ ಚರಂಡಿಯಲ್ಲಿ ಹೊರಳಾಟ, ಅದೇ ಪಿಕ್ಕಿಂಗಿನ ಕೆಂಚಿಯೂ ಅವಳ ಗಂಡನೂ ಎತ್ತಿಕೊಂಡು ಬಂದು ಹಿತ್ತಿಲಲ್ಲಿ ಬಿಟ್ಟು ಹೋಗುತ್ತಿದ್ದರು. ಪೂವಮ್ಮ ಹಿತ್ತಿಲ ಬಾಗಿಲಿನ ಹೊರಗೆ ತಾನೇ ಒಂದು ಮೊಳೆ ಹೊಡೆದಿದ್ದರು, ಆ ನಾತದ ಅಂಗಿ ಕಳಚಿ ಅಲ್ಲಿ ನೇತುಹಾಕಿ ಒಳಗೆ ಬಾ ಎಂದು, ಎಷ್ಟೇ ಕುಡಿದಿರಲಿ ಅಷ್ಟೊಂದು ಮಾತು ಕೇಳುತ್ತಿದ್ದ, ಬೆಳಿಗ್ಗೆ ಮಾಲತಿ ಎದ್ದು ಮೊದಲು ನೋಡುತ್ತಿದ್ದದ್ದು ಮೊಳೆಯನ್ನು, ಅಂಗಿ ಇದ್ದರೆ ಗಂಡ ಬಂದಿದ್ದಾನೆ, ಬದುಕಿದ್ದಾನೆ, ಇಲ್ಲದಿದ್ದರೆ ಟಾರ್ಚು ಹಿಡಿದು ಹುಡುಕಬೇಕು. ಒಮ್ಮೆ ಅಂಗಿ ಮೊಳೆಯಲ್ಲಿತ್ತು, ಒಳಗೆ ಬಂದವನು ಸಾರಿಗೆ ಖಾರ ಕಡಿಮೆಯೆಂದು ಅವಳನ್ನು ನೂಕಿದ್ದ, ಒಲೆಯ ಕಲ್ಲಿಗೆ ಮೊಣಕೈ ತಾಗಿ ಸುಟ್ಟ ಕಲೆ ಈಗಲೂ ಇದೆ, ಬೆವರಿದರೆ ತುರಿಸುತ್ತದೆ. ಮಗಳು ಪೂಜಿತಾ ಪೊನ್ನಂಪೇಟೆಯ ಹಾಸ್ಟೆಲಿನಿಂದ ರಜೆಗೂ ಮನೆಗೆ ಬರುತ್ತಿರಲಿಲ್ಲ, ಮೂರ್ನಾಡಿನ ಅಜ್ಜಿಮನೆಗೆ ಹೋಗುತ್ತಿದ್ದಳು. ಡಾಕ್ಟರು ಆಯಿತು, ಮಾತ್ರೆ ಆಯಿತು, ಅತ್ತೆ ಹರಕೆ ಹೊತ್ತರು, ಗುರುಕಾರಣರ ಮುಂದೆ ಸೆರಗೊಡ್ಡಿ ಅತ್ತರು, ಅವರು ಒಂದೂ ಕೇಳಿಸಿಕೊಳ್ಳಲಿಲ್ಲ ಎಂಬುದು ಮಾಲತಿಗೆ ಗೊತ್ತಿದೆ, ಸುಳ್ಳು ಹೇಳಿ ಏನು, ತನ್ನ ಹಿರಿಯರು ಮಾಡಲಾರದ್ದನ್ನು ಜಯಪ್ರಕಾಶ್ ಮಾಸ್ಟ್ರು ಮಾಡಿದರು, ಬಿಳಿ ಪಂಚೆಯ ರಿಟೈರ್ಡ್ ಮಾಸ್ಟ್ರು, ಭಜನಾಮಂದಿರಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ತಾಳ ಕೊಟ್ಟರು, ಕುಡಿಯಬೇಕೆಂದು ಕೈ ನಡುಗಿದಾಗೆಲ್ಲ ತಾಳ ಹಾಕು ಎಂದರು, ಹಾಕಿದ, ಬೆರಳು ಬೊಬ್ಬೆ ಬರುವಷ್ಟು ಹಾಕಿದ, ಆಮೇಲೆ ದೀಕ್ಷೆ, ಕೊರಳಿಗೆ ಮಾಲೆ, ಮಾಂಸ ಇಲ್ಲ, ಮೀನು ಇಲ್ಲ, ಈರುಳ್ಳಿಯೂ ಇಲ್ಲ. ಮೊಳೆ ಖಾಲಿಯಾಯಿತು. ಮಗಳು ಮನೆಗೆ ಬಂದಳು, ಅಪ್ಪನ ಪಕ್ಕ ಕೂತು ಊಟ ಮಾಡಿದಳು. ಆ ದಿನ ಮಾಲತಿ ಭಜನಾಮಂದಿರಕ್ಕೆ ಹೋಗಿ ಅವರ ದೇವರಿಗೆ ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದಿದ್ದಾಳೆ, ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ಆದರೆ ಆ ದೇವರು ಸುಮ್ಮನೆ ಬರಲಿಲ್ಲ, ಮನೆಯಲ್ಲಿ ಮೊದಲೇ ಇದ್ದವರನ್ನೆಲ್ಲ ಎಬ್ಬಿಸಿಯೇ ಒಳಗೆ ಬಂದರು, ಹಿರಿಯರಿಗೆ ಮಾಂಸ ಬಡಿಸುವುದು ತಾಮಸ, ಸತ್ತವರಿಗೆ ಹೊಟ್ಟೆ ಇಲ್ಲ, ಅವರನ್ನು ಇಲ್ಲೇ ಕಟ್ಟಿಹಾಕಿದ್ದೇ ನಾವು, ಹೀಗೆಲ್ಲ ಅವನು ಊಟದ ಹೊತ್ತಿಗೆ ಹೇಳಿದರೆ ಅವಳು ಸುಮ್ಮನಿರುವ ಜಾತಿಯೇ, ನಿಮ್ಮ ದೇವರ ಮೂಗು ಭಾರಿ ಸೂಕ್ಷ್ಮ, ಈರುಳ್ಳಿ ವಾಸನೆಗೇ ಓಡಿಹೋಗುವವನು ಯಮ ಬಂದರೆ ನಿಲ್ಲುತ್ತಾನಾ, ಎಂದು ಅವಳು, ಕಣ್ಣು ಕೆಂಪಾಗಿ ಅವನು, ತಟ್ಟೆ ಬಿಟ್ಟು ಎದ್ದು ಹೋಗುವುದು, ಹಿಂದೆ ಕುಡಿದು ಎಸೆಯುತ್ತಿದ್ದ, ಈಗ ಕೈ ಮುಗಿದು ಬಿಟ್ಟು ಹೋಗುತ್ತಾನೆ, ತಟ್ಟೆ ತೊಳೆಯುವವಳಿಗೆ ಎರಡೂ ಒಂದೇ. ಅತ್ತೆ ಸತ್ತಾಗ ಭಾಗಮಂಡಲದಲ್ಲಿ ಪಿಂಡ ಬಿಟ್ಟ, ಎಳ್ಳಿನ ಉಂಡೆ, ಮಾಂಸದ ಸಾರಿಲ್ಲದೆ ಅನ್ನ ಕಲಸದ ಹೆಂಗಸಿಗೆ ಎಳ್ಳಿನ ಉಂಡೆ, ಅವ್ವಂಗೆ ಮುಕ್ತಿ ಆತ್ ಎಂದು ಸಂಗಮದ ನೀರಿನಲ್ಲಿ ನಿಂತು ಅವನು ಅತ್ತ, ದಡದಲ್ಲಿ ನಿಂತು ಅವಳೂ ಅತ್ತಳು, ಇಬ್ಬರೂ ಬೇರೆ ಬೇರೆ ಕಾರಣಕ್ಕೆ. ಇಷ್ಟೆಲ್ಲ ಇದ್ದೂ ಇವನನ್ನು ದ್ವೇಷಿಸಲು ಬರುವುದಿಲ್ಲವಲ್ಲ, ಅದೇ ಕರ್ಮ, ಪೂರಾ ದ್ವೇಷಿಸಿದ್ದರೆ ಎಷ್ಟೋ ಸುಖ ಇತ್ತು. ಡೆಂಗಿ ಜ್ವರ ಬಂದು ಅವಳಿಗೆ ಎದ್ದು ಕೂರಲೂ ಆಗದಿದ್ದಾಗ ಡಾಕ್ಟರು ಕೋಳಿ ಸೂಪು ಕೊಡಿ ಎಂದರು, ಈ ಮನುಷ್ಯ ಹೆಗಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ತಾನೇ ಕೋಳಿ ತೊಳೆದು, ಕಾಳುಮೆಣಸು ಜಜ್ಜಿ ಬೇಯಿಸಿ, ಚಮಚೆಯಲ್ಲಿ ಕುಡಿಸಿದ, ಬಗ್ಗುವಾಗ ಮಾಲೆ ಲೋಟಕ್ಕೆ ತಾಗದಿರಲೆಂದು ಒಂದು ಕೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದಿದ್ದ, ಆಮೇಲೆ ತಣ್ಣೀರು ಹೊಯ್ದುಕೊಂಡು ಇಡೀ ದಿನ ಉಪವಾಸ, ಅವಳು ಎದ್ದು ಓಡಾಡುವ ತನಕ ಹೀಗೇ. ಅವಳೇನು ಕಡಿಮೆಯೇ, ಅವನ ಏಕಾದಶಿಗೆಲ್ಲ ಅವಳೂ ಉಂಡಿಲ್ಲ, ಉಂಡೆ ಎಂದು ಸುಳ್ಳು ಹೇಳುತ್ತಾಳೆ, ಹಸಿದವನ ಎದುರು ಅನ್ನ ಇಳಿಯುವುದಿಲ್ಲ, ದೇವರ ಮೇಲೆ ನಂಬಿಕೆಯಿಂದಲ್ಲ. ರಾತ್ರಿ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಾನೆ, ಎಣ್ಣೆ ತಿಕ್ಕುವ ಲಯಕ್ಕೆ ಮಾಲೆಯ ಮಣಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ, ಆ ಸದ್ದಿಗೆ ಅವಳಿಗೆ ನಿದ್ದೆ ಬರುತ್ತದೆ, ಬೆಳಿಗ್ಗೆ ಅದೇ ಮಾಲೆಯನ್ನು ಕಂಡರೆ ಮೈ ಉರಿಯುತ್ತದೆ.

ಈ ವರ್ಷದ ಎಲೆಯ ಮಾತು ಎತ್ತಿದ್ದು ಅವಳೇ. ಎಲೆ ಬಡಿಸಿ ಎರೆಯಬೇಕಾದವನು ಮನೆಯ ಗಂಡಸು, ಅದು ಪದ್ಧತಿ, ತಾಯಿಯ ಮೊದಲ ಎಲೆಗೆ ಮಗನೇ ಎರೆಯಬೇಕು, ಅವನು ಆಗದು ಎಂದ, ಅವಳು ಅತ್ತೆಯ ಕೊನೆಯ ಮಧ್ಯಾಹ್ನವನ್ನು ಎತ್ತಿ ಅವನ ಮುಖಕ್ಕೆ ಹೊಡೆದಳು, ಬಾಯಾರಿ ಸತ್ತರು ನಿಮ್ಮ ತಾಯಿ, ಗೋಡೆಯ ಕಡೆ ತಿರುಗಿ ಸತ್ತರು, ನೀವು ಕೊಟ್ಟ ಮುಕ್ತಿ ಅದು. ಅವನು ಎದ್ದು ಹೋಗಿ ಜಗಲಿಯಲ್ಲಿ ಕೂತ, ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ, ಹಿಂದೆಯೇ ಹೋಗಿ ಕೊರಳಿನ ಮಾಲೆ ತೋರಿಸಿ ಹೇಳಿದಳು, ಒಂದ್ ಗಳಿಗೆ ಅದರ ತೆಗ್ದು ಆ ಮೊಳೆಗೆ ಹಾಕಿ, ಅವ್ವಂಗೆ ಒಂದ್ ತೊಟ್ಟು ಎರ್ದು ಮತ್ತೆ ಹಾಕಿಕಣಿ, ನಿಮ್ಮ ದೇವ್ರು ಅಷ್ಟ್ ಹೊತ್ತು ಕಾಯ್ಲಿ. ಅವನು ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ, ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಹಾಗೆ, ಇದರ ತೆಗ್ದರೆ ಮತ್ತೆ ಹಾಕಿಕೆ ಈ ಕೈಗೆ ತ್ರಾಣ ಇಲ್ಲೆ ಮಾಲತಿ, ನಂಗೆ ನನ್ನ ಗೊತ್ತುಟ್ಟು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು, ಅದು ಅವಳಿಗೆ ಗೊತ್ತಾಯಿತು, ಗೊತ್ತಾಗಿಯೂ ಗೆಲ್ಲಬೇಕೆನಿಸಿತು. ಪೂಜಿತಾ ಫೋನಿನಲ್ಲಿ ಬೇಡಿಕೊಂಡಳು, ಅಮ್ಮ, ಅಪ್ಪ ಹಿಂಗೆ ಇದ್ದರೆ ಸಾಲದಾ, ನಿಂಗೆ ಇನ್ನು ಏನ್ ಬೇಕು. ಏನು ಬೇಕು ಎಂದರೆ ಏನು ಹೇಳುವುದು, ಸತ್ತವಳ ಕಿವಿಯಲ್ಲಿ ಹೇಳಿದ ಮಾತೊಂದು ಇದೆ, ಅದು ಬೇಕು. ಕೊನೆಗೆ ರಾಜಿಯಾಯಿತು, ಅವಳೇ ಬಡಿಸುವುದು, ಅವಳೇ ಎರೆಯುವುದು, ಆ ಹೊತ್ತಿಗೆ ಅವನು ಭಜನೆಗೆ ಹೋಗಿ ಎಲ್ಲ ತೊಳೆದು ಮುಗಿಸಿದ ಮೇಲೆ ಬರುವುದು. ಬ್ರಾಂದಿಯನ್ನು ಕೆಂಚಿಯ ಗಂಡ ತಂದುಕೊಟ್ಟ, ಮಾಂಸ ತರುವವರು ಯಾರು ಎಂದು ಅವಳು ಕೇಳಿರಲೂ ಇಲ್ಲ, ಬೆಳಿಗ್ಗೆ ನೋಡಿದರೆ ಇವನೇ ಪೇಟೆಯಿಂದ ಬರುತ್ತಿದ್ದಾನೆ, ಬಿಳಿ ಪಂಚೆ, ಹಣೆಯಲ್ಲಿ ನಾಮ, ಮೈಯಿಂದ ದೂರಕ್ಕೆ ಚಾಚಿ ಹಿಡಿದ ಕೈಯಲ್ಲಿ ಹಂದಿ ಮಾಂಸದ ಚೀಲ, ಅವ್ವಂಗೆ ಕೊಬ್ಬು ಇದ್ದ ತುಂಡೇ ಇಷ್ಟ ಎಂದು ಹೇಳಿ ಅಡಿಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೋದ. ಅವಳು ಆ ಮಾಂಸ ಹೆಚ್ಚುತ್ತ ಎಷ್ಟು ಅತ್ತಳೋ ಲೆಕ್ಕವಿಲ್ಲ, ಈರುಳ್ಳಿಯ ನೆಪವೂ ಇತ್ತು.

ಮತ್ತೆ ಸದ್ದು. ಈಗ ಸಂಶಯವೇ ಇಲ್ಲ, ಎಲೆ ಸರಿದ ಸದ್ದು, ಲೋಟದ ಸದ್ದು, ಆಮೇಲೆ ಗಂಟಲು ಕೆರೆದಂತೆ ಏನೋ — ಬೆಕ್ಕಿರಬೇಕು, ಸತ್ತವರು ಗಂಟಲು ಕೆರೆಯುತ್ತಾರೆಯೇ, ಹಿತ್ತಿಲ ಬಾಗಿಲು ಅಗಳಿ ಹಾಕಿಲ್ಲ, ಅವಳೇ ಹಾಕಿಲ್ಲ, ಸತ್ತವರು ಬರುವ ದಾರಿಗೆ ಅಗಳಿ ಹಾಕಬಾರದು, ಅತ್ತೆ ಬದುಕಿದ್ದಾಗ ಓಡಾಡಿದ ಬಾಗಿಲು ಅದು, ಅಲ್ಲಿಂದಲೇ ಬರಲಿ ಎಂದು ಬರೀ ಮುಂದೆ ಮಾಡಿ ಇಟ್ಟಿದ್ದಾಳೆ, ಬಾಟಲಿಯನ್ನೂ ಮುಚ್ಚಳ ತೆಗೆದು ಎಲೆಯ ಪಕ್ಕದಲ್ಲೇ ಇಟ್ಟಿದ್ದಾಳೆ, ವರ್ಷವಿಡೀ ಬಾಯಾರಿದ ಹೆಂಗಸು, ಬದುಕಿದ್ದಾಗ ಕೇಳದ ಎರಡನೆಯ ಲೋಟ ಇವತ್ತು ಕೇಳಿದರೆ ಎರೆಯಲು ಯಾರಿದ್ದಾರೆ, ತಾನೇ ಎರೆದುಕೊಳ್ಳಲಿ ಎಂದು. ಬೆಕ್ಕೇ ಆಗಿದ್ದರೆ ಅತ್ತೆಯ ಎಲೆ ಹಾಳು, ಓಡಿಸಬೇಕು, ಈ ಬಾಗಿಲು ಮುಟ್ಟುವಂತಿಲ್ಲ, ಹಿತ್ತಿಲ ಕಡೆಯಿಂದ ಹೋಗಿ ಸಂದಿಯಲ್ಲಿ ಶ್ ಎನ್ನಬಹುದು, ಅದು ಬಾಗಿಲು ತೆಗೆದ ಹಾಗಲ್ಲ. ಅಡಿಗೆಮನೆ ದಾಟಿ ಹೊರಗೆ ಬಂದಳು, ಸಂಜೆಯ ಬೆಳಕು ಇನ್ನೂ ಇದೆ, ಕಾಫಿ ಗಿಡಗಳ ನಡುವೆ ಮಾತ್ರ ಕತ್ತಲು ಕೂತಿದೆ, ಮೈಕು ಇಲ್ಲಿ ಸ್ಪಷ್ಟ ಕೇಳುತ್ತದೆ, ಮಾಸ್ಟ್ರು ಒಂದು ಸಾಲು ಹೇಳುತ್ತಾರೆ, ಎರಡನೆಯ ಸಾಲು ಎತ್ತುವುದು ಯಾವಾಗಲೂ ಉದಯ, ಒಡಕು ಧ್ವನಿ, ಆದರೂ ಭಕ್ತಿ ಇದೆ ಎಂದು ಮಾಸ್ಟ್ರೇ ಹೇಳುತ್ತಾರೆ, ಈಗ ಎತ್ತಿದ್ದು ಬೇರೆ ಯಾರೋ, ಎಳೆಯ ಧ್ವನಿ, ಒಡಕಿಲ್ಲ, ಇನ್ನೊಂದು ಸಾಲು, ಅದೂ ಅವನದಲ್ಲ, ಗಂಟಲು ಕಟ್ಟಿರಬೇಕು ಪಾಪ, ಬೆಳಿಗ್ಗೆಯೇ ಮುಖ ಬಾಡಿತ್ತು, ಬಂದ ಮೇಲೆ ಶುಂಠಿ ಕಷಾಯ — ಎಂದು ಯೋಚಿಸುತ್ತ ಮನೆಯ ಮೂಲೆ ತಿರುಗಿದಳು.

ಮೊಳೆಯಲ್ಲಿ ಮಾಲೆ. ಬಾಗಿಲಿನ ಪಕ್ಕ ಅತ್ತೆ ಹೊಡೆದ ಮೊಳೆಯಲ್ಲಿ ತುಳಸಿಮಾಲೆ, ಕೊರಳಿನ ಬೆವರಿಗೆ ಕಪ್ಪಾದ ಮಣಿಗಳು, ಕೆಳಗೆ ಕಲ್ಲಿನ ಮೇಲೆ ಅವನ ಚಪ್ಪಲಿ, ಜೋಡಿಸಿ ಇಟ್ಟದ್ದು, ಕುಡಿದವನು ಹೀಗೆ ಜೋಡಿಸುವುದಿಲ್ಲ, ಬರುವಾಗ ಕುಡಿದಿರಲಿಲ್ಲ, ಬುದ್ಧಿ ನೆಟ್ಟಗಿದ್ದೇ ಬಂದಿದ್ದಾನೆ, ತಾಯಿಗೆ ಎರೆಯಲು, ಅವಳು ಹೇಳಿದ ಹಾಗೆಯೇ, ತೆಗೆದು ಮೊಳೆಗೆ ಹಾಕಿ, ಒಂದು ತೊಟ್ಟು ಎರೆದು — ಅಷ್ಟಾದರೆ ಸಾಕು, ಎರೆದು ಹೊರಗೆ ಬರಲಿ, ಬರುತ್ತಾನೆ, ಈಗ ಬರುತ್ತಾನೆ, ಒಳಗೆ ಬಾಟಲಿ ಲೋಟದ ಅಂಚಿಗೆ ತಾಗಿತು, ಎರೆಯುವ ಸದ್ದು, ಆಮೇಲೆ ಗುಟುಕು, ಆ ಗುಟುಕು ಅವಳಿಗೆ ಗೊತ್ತು, ಎಷ್ಟು ವರ್ಷ ಕೇಳಿದ್ದಾಳೆ, ಅವ್ವ ಎಂದಿತು ಒಡಕು ಧ್ವನಿ, ಉಣ್ಣ್ ಅವ್ವ, ನಾ ಇಲ್ಲೇ ಒಳೆ, ಮತ್ತೆ ಎರೆಯುವ ಸದ್ದು. ಮಾಲತಿ ಬಾಗಿಲಿಗೆ ಕೈ ಹಾಕಿದಳು, ನೂಕಿದರೆ ಸಾಕು, ತೆರೆಯುತ್ತದೆ, ಕೈ ಹಿಡಿದು ಎಳೆದುಕೊಂಡು ಬರಬಹುದು, ಇನ್ನೂ ತಡವಾಗಿಲ್ಲ, ಎರಡು ಲೋಟವೋ ಮೂರೋ, ಮಾಸ್ಟ್ರಿಗೆ ಫೋನ್ ಮಾಡಿದರೆ ಓಡಿ ಬರುತ್ತಾರೆ, ನೂಕು, ನೂಕಬಾರದು, ಒಳಗೆ ಅತ್ತೆ ಉಣ್ಣುತ್ತಿದ್ದಾರೆ, ಮಗನ ಕೈಯಿಂದ, ಬೇಡಿದ್ದು ಸಿಕ್ಕಿದೆ ಆಕೆಗೆ, ಗೋಡೆಯ ಕಡೆಯಿಂದ ಮುಖ ಈ ಕಡೆ ತಿರುಗಿದೆ, ಈಗ ಬಾಗಿಲು ತೆಗೆದರೆ ಅರೆಹೊಟ್ಟೆಯಲ್ಲಿ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ, ಊದುಬತ್ತಿ ಮುಗಿದಿಲ್ಲ, ಮುಗಿಯುವ ಹೊತ್ತಿಗೆ ಬಾಟಲಿ ಮುಗಿಯುತ್ತದೆ, ಬಾಟಲಿ ಇಟ್ಟವಳೂ ಅವಳೇ, ಅಗಳಿ ಹಾಕದವಳೂ ಅವಳೇ, ಇದನ್ನು ನಂಬಿದವಳೂ ಅವಳೇ, ನಂಬಿಕೆ ಇಲ್ಲದಿದ್ದರೆ ಈ ಕೈ ಎಂದೋ ನೂಕಿರುತ್ತಿತ್ತು, ಸುಟ್ಟ ಕಲೆ ತುರಿಸುತ್ತಿದೆ, ಗೆದ್ದೆಯಲ್ಲ ಮಾಲತಿ, ಗೆದ್ದೆ, ಗಂಡನ ದೇವರನ್ನು ಅಂಗಿಯ ಮೊಳೆಗೆ ನೇತುಹಾಕಿಸಿದೆ, ಅಷ್ಟು ಹೊತ್ತು ಕಾಯಲಿ ಎಂದೆ, ಕಾಯುತ್ತಿದೆ, ಮೊಳೆಯಲ್ಲಿ ಮಾಲೆ, ಒಳಗೆ ಮತ್ತೆ ಲೋಟ, ಮೊಳೆಯಲ್ಲಿ ಮಾಲೆ, ಗಾಳಿ ಇಲ್ಲ, ಅಲ್ಲಾಡುವುದಿಲ್ಲ, ಮೊಳೆ, ಮಾಲೆ